ಆಷಾಢದ ಶ್ರಾದ್ಧಕ್ಕೆ ಘಟ್ಟ ಹತ್ತಿ ಬಂದದ್ದು

ನಿನ್ನೆ ಬೆಳಿಗ್ಗೆ ಇವರ ಪಂಚೆಗೆ ಇಸ್ತ್ರಿ ಹಾಕುತ್ತಿದ್ದೆ. ಮೂರು ದಿನ ಹಗ್ಗದ ಮೇಲಿದ್ದರೂ ಅಂಚಿನಲ್ಲಿ ತೇವ ಉಳಿದಿತ್ತು. ಬಿಸಿ ಇಸ್ತ್ರಿಪೆಟ್ಟಿಗೆ ಆ ತೇವದ ಮೇಲೆ ಹೋದಾಗ ಒಂದು ಹಬೆ ಏಳುತ್ತದೆ, ಅರ್ಧ ಸೋಪಿನದು, ಅರ್ಧ ಮುಗ್ಗಲಿನದು. ಮಳೆಗಾಲದಲ್ಲಿ ತೀರ್ಥಹಳ್ಳಿಯ ಯಾವ ಮನೆಗೆ ಹೋದರೂ ಇರುವ ವಾಸನೆಯೇ. ಆದರೂ ಅದು ಮೂಗಿಗೆ ಬಂದ ಕೂಡಲೇ ನನ್ನ ಕೈ ನಿಂತಿತು. ಸ್ವಿಚ್ಚು ಆರಿಸಿ ಗೋಡೆಗೆ ಒರಗಿ ಕೂತೆ.

"ಎಂಥ ಆಯ್ತೇ, ಕರೆಂಟ್ ಹೋಯ್ತಾ?" ಒಳಗಿನಿಂದ ಅತ್ತೆ ಕೇಳಿದರು.

"ಇಲ್ಲ ಅತ್ತೆ. ಸುಮ್ನೆ ಕೂತೆ."

ಅವರು ಮತ್ತೆ ಕೇಳಲಿಲ್ಲ. ಆಷಾಢ ಬಂತೆಂದರೆ ನಾನು ಹೀಗೆ ನಡುನಡುವೆ ಕೂರುವುದು ಅವರಿಗೂ ಗೊತ್ತು.

ಮೂರು ವರ್ಷದ ಹಿಂದಿನ ಆಷಾಢವನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ಮನೆ ನೋಡಿಕೊಂಡು ಇರುವವಳು. ಬರೆಯುವುದೆಂದರೆ ನನಗೆ ಹಾಲಿನವನ ಚೀಟಿ, ಮಗಳ ಹಾಸ್ಟೆಲಿಗೆ ಕಳಿಸುವ ಸಾಮಾನಿನ ಪಟ್ಟಿ, ಅಷ್ಟೇ. ಆದರೆ ಬಾಯಲ್ಲಿ ಹೇಳಲು ಹೋದರೆ ಕೇಳುವವರು ನನ್ನನ್ನು ಸಮಾಧಾನ ಮಾಡಲು ಶುರುಮಾಡುತ್ತಾರೆ. ಆಮೇಲೆ ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದ ಸಮಾಧಾನ ಮಾಡುವುದಿಲ್ಲ.

ನಮ್ಮವರು ಇಲ್ಲಿಯ ಪ್ರೌಢಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಮೂವತ್ತೈದು ದಾಟುವಾಗ ಅವರ ಕಿಡ್ನಿಗಳು ಕೆಟ್ಟವು. ಕಿಡ್ನಿಯಲ್ಲಿ ರಕ್ತ ಸೋಸುವ ಜರಡಿಗೆ ಗಾಯವಾಗಿ, ಮೈಯ ಸಾರವೆಲ್ಲ ಮೂತ್ರದಲ್ಲಿ ಹರಿದುಹೋಗುವ ಕಾಯಿಲೆ. ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿದೆ. ಅದನ್ನು ತಡವರಿಸದೆ ಹೇಳುವುದು ನಮ್ಮ ಮನೆಯಲ್ಲಿ ನಮ್ಮವರೊಬ್ಬರೇ. ಬೇರೆ ಕಿಡ್ನಿ ಕಸಿ ಮಾಡಬೇಕು ಎಂದಾಗ ನಾನು ಕೊಡುತ್ತೇನೆಂದು ಮುಂದೆ ಹೋದೆ, ರಕ್ತದ ಗುಂಪು ಹೊಂದಲಿಲ್ಲ. ಅತ್ತೆಯದು ಹೊಂದಿತು. ಅವರಿಗಾಗ ಐವತ್ತೊಂಬತ್ತು. "ಒಂದ್ಸಲ ಇಡೀ ಮೈ ಕೊಟ್ಟಾಗಿದೆ, ಈಗ ಒಂದು ಕಿಡ್ನಿಗೆ ಎಂಥ ಚೌಕಾಸಿ" ಎಂದು ನಗುತ್ತಲೇ ಹೋಗಿ ಮಲಗಿದರು.

ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಕಸಿ ಆಯಿತು. ಅತ್ತೆಯ ಎಡಗಡೆಯ ಕಿಡ್ನಿಯನ್ನು ತೆಗೆದು ಮಗನ ಬಲಗಡೆ ಕಿಬ್ಬೊಟ್ಟೆಯಲ್ಲಿ ಇಟ್ಟರು. ಅಂದಿನಿಂದ ಅತ್ತೆ ಆ ಕಿಡ್ನಿಯನ್ನು ಮದುವೆ ಮಾಡಿಕೊಟ್ಟ ಮಗಳ ಹಾಗೆ ವಿಚಾರಿಸುವುದು. ಇವರು ಸ್ಕೂಲಿನಿಂದ ಬಂದ ಕೂಡಲೇ, "ನಮ್ಮ ಎಡಗಡೆಯವಳು ಹೇಗಿದಾಳೆ? ಗಂಡನ ಮನೆಯಲ್ಲಿ ಸರಿಯಾಗಿ ನೀರು ಕೊಡ್ತಾರಾ?" ಎನ್ನುವರು. "ಮೂರು ಲೀಟ್ರು ಕೊಟ್ಟಿದೀನಿ ಅಮ್ಮ" ಎಂದು ಇವರು ಉತ್ತರ ಕೊಡುವರು. ಎರಡು ವರ್ಷ ನಮ್ಮ ಮನೆ ಹಾಗೆ ನಡೆಯಿತು. ಬೆಳಿಗ್ಗೆ ಎಂಟಕ್ಕೆ ಮಾತ್ರೆ, ರಾತ್ರಿ ಎಂಟಕ್ಕೆ ಮಾತ್ರೆ, ನಡುವೆ ಎಲ್ಲರ ಮನೆಯ ಹಾಗೆ ದಿನ. ನಾನು ದಿನವೂ ದೇವರಿಗೆ ದೀಪ ಹಚ್ಚುವಾಗ ಆವತ್ತಿನ ಸಣ್ಣ ಸಣ್ಣ ಒಳ್ಳೆಯದನ್ನು ಎಣಿಸಿ ಹೇಳುವವಳು. ಇವರು ಎರಡು ದೋಸೆ ಹೆಚ್ಚು ತಿಂದರು, ಅತ್ತೆಗೆ ಹೊಲಿಗೆ ಎಳೆಯಲಿಲ್ಲ, ಮಗಳು ಫೋನಿನಲ್ಲಿ ಜಗಳ ಆಡಲಿಲ್ಲ. ಆ ಎರಡು ವರ್ಷದಲ್ಲಿ ಎಣಿಸಲು ಬಹಳ ಇತ್ತು.

ಆ ವರ್ಷದ ಜ್ಯೇಷ್ಠದಲ್ಲಿ, ಮಳೆ ಶುರುವಾಗಿ ವಾರವಾಗಿತ್ತು, ಇವರು ಕಾಲುಚೀಲ ಬಿಚ್ಚಿ ಕೂತಿದ್ದರು. ಕಣಕಾಲಿನ ಸುತ್ತ ಚೀಲದ ಅಂಚಿನ ಗುರುತು ಬಳೆ ಇಟ್ಟ ಹಾಗೆ ಒಳಗೆ ಇಳಿದಿತ್ತು. ಊಟದ ಹೊತ್ತಿಗೂ ಹೋಗಲಿಲ್ಲ. ಬೆರಳಿಟ್ಟು ಒತ್ತಿದೆ, ಗುಳಿ ಬಿತ್ತು. ನಾನು ಮುಖ ನೋಡಿದೆ.

"ನಾಲ್ಕು ದಿನದಿಂದ ನೊರೆ ಬರ್ತಿದೆ" ಎಂದರು ಇವರು. ಮೂತ್ರದಲ್ಲಿ ನೊರೆ. ಮೊದಲ ಸಲವೂ ಶುರುವಾದದ್ದು ಹಾಗೆಯೇ.

ಮರುದಿನವೇ ಘಟ್ಟ ಇಳಿದೆವು. ತಡ ಮಾಡಲಿಲ್ಲ, ಅದೊಂದು ನನ್ನ ಮನಸ್ಸಿಗೆ ಆಧಾರ. ಡಾಕ್ಟ್ರಮ್ಮ ಕಿಡ್ನಿಯಿಂದ ಚೂರು ತೆಗೆದು ಪರೀಕ್ಷೆ ಮಾಡಿಸಿದರು. ಕರಾವಳಿಯ ಕಡೆಯವರು, ನನಗಿಂತ ಚಿಕ್ಕವರು. ನಮ್ಮಿಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು: "ಹಳೇ ಕಾಯಿಲೆ ವಾಪಸ್ ಬಂದದ್ದು. ಅಮ್ಮನ ಕಿಡ್ನಿಯದ್ದು ಏನೂ ತಪ್ಪಿಲ್ಲ ಆಯ್ತಾ. ಕಾಯಿಲೆ ಹುಟ್ಟಿಸುವಂಥದ್ದು ರಕ್ತದಲ್ಲೇ ಉಂಟು. ಕೆಲವರಿಗೆ ಹೊಸ ಕಿಡ್ನಿ ಇಟ್ಟರೂ ಅದಕ್ಕೆ ಹೋಗಿ ಹಿಡೀತದೆ. ಕಸಿಗೆ ಮೊದಲು ಹೇಳಿದ್ದೆ, ನೆನಪುಂಟಾ?"

ನೆನಪಿತ್ತು. ಆಗ ಹೇಳಿದ ಹತ್ತಾರು ಅಪಾಯಗಳಲ್ಲಿ ಅದೂ ಒಂದಾಗಿತ್ತು. ರುಜು ಹಾಕುವ ಹೊತ್ತಿನಲ್ಲಿ ನಮಗೆ ಕಿಡ್ನಿ ಸಿಕ್ಕಿತಲ್ಲ ಎನ್ನುವುದು ಬಿಟ್ಟು ಬೇರೇನೂ ಕಿವಿಗೆ ಹೋಗಿರಲಿಲ್ಲ.

"ಮದ್ದಿಲ್ವಾ?" ಎಂದೆ.

"ಉಂಟು. ರಕ್ತವನ್ನು ಮಿಷನಿಗೆ ತಗೊಂಡು, ಅದರ ತಿಳಿ ತೆಗೆದು ಬಿಸಾಡಿ, ಬೇರೆ ತಿಳಿ ಸೇರಿಸಿ ವಾಪಸ್ ಕೊಡ್ತೇವೆ. ಒಂದು ದಿನ ಬಿಟ್ಟು ಒಂದು ದಿನ, ಹತ್ತು ಸಲ. ಆಮೇಲೆ ಒಂದು ಇಂಜೆಕ್ಷನ್. ಕೆಲವರಿಗೆ ಪೂರ್ತಿ ನಿಲ್ತದೆ, ಕೆಲವರಿಗೆ ಅರ್ಧ. ಬೇಗ ಹಿಡಿದಿದ್ದೇವೆ, ಅದು ಒಳ್ಳೇದು."

ಮಜ್ಜಿಗೆಯನ್ನು ಅಲುಗಿಸದೆ ಇಟ್ಟರೆ ಮೇಲೆ ತಿಳಿ ನಿಲ್ಲುತ್ತದಲ್ಲ, ರಕ್ತದಲ್ಲೂ ಹಾಗೊಂದು ತಿಳಿ ಇದೆ. ಹಳದಿ. ಮೊದಲ ದಿನ ಮಿಷನಿನ ಕೆಳಗಿನ ಚೀಲದಲ್ಲಿ ಅದು ತುಂಬುವುದನ್ನು ನೋಡಿದೆ. ಇವರ ಬಲಗಡೆ ಎದೆಯ ಮೇಲೆ, ಹೆಗಲ ಮೂಳೆಯ ಕೆಳಗೆ, ಚರ್ಮದೊಳಗಿನಿಂದ ಒಂದು ನಳಿಕೆ ಇಳಿಸಿದ್ದರು. ಹೊರಗೆ ಎರಡು ಬಾಯಿ, ಅದರ ಮೇಲೆ ಪಾರದರ್ಶಕ ಪಟ್ಟಿ. "ಇದಕ್ಕೊಂದು ಹನಿ ನೀರು ತಾಗಬಾರ್ದು. ಸ್ನಾನ ಕುತ್ತಿಗೆಯಿಂದ ಕೆಳಗೆ ಒರೆಸಿಕೊಳ್ಳುವುದು ಮಾತ್ರ" ಎಂದು ನರ್ಸು ನನಗೆ ಎರಡು ಸಲ ಹೇಳಿದಳು. ನನಗೇ ಹೇಳಿದ್ದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದೆವು. ಒಂದು ಗ್ಯಾಸ್ ಒಲೆ, ಎರಡು ಪಾತ್ರೆ, ಕಿಟಕಿಯ ಹಲಗೆಯ ಮೇಲೆ ದೇವಿಯ ಪಟ. ಇವರು ಸ್ಕೂಲಿಗೆ ರಜೆ ಹಾಕಿದರು. ಉಳಿದದ್ದು ಅತ್ತೆಗೆ ಏನು ಹೇಳುವುದು ಎಂಬುದು.

"ಇದ್ದದ್ದು ಹೇಳಿಬಿಡಣ" ಎಂದರು ಇವರು.

ನಾನೇ ಬೇಡವೆಂದೆ. ಅವರ ಮೈಯಿಂದ ಕೊಟ್ಟದ್ದು, ದಿನಾ ಹೆಸರಿಟ್ಟು ವಿಚಾರಿಸುವುದು, ಅದಕ್ಕೇ ಕಾಯಿಲೆ ಹಿಡಿಯಿತು ಎಂದರೆ ಆ ಜೀವ ತಡೆಯುತ್ತದೆಯೇ? ಹತ್ತು ಸಲ ಮಿಷನ್ ಆಗಿ, ನೊರೆ ನಿಂತು, ಎಲ್ಲ ಸರಿಯಾದ ಮೇಲೆ ಹೇಳಿದರಾಯಿತು. ಕೆಟ್ಟ ಸುದ್ದಿಯನ್ನು ಅದು ಮುಗಿದ ಮೇಲೆ ಹೇಳುವುದು ಪುಣ್ಯದ ಕೆಲಸ ಎಂದೇ ನನ್ನ ನಂಬಿಕೆಯಾಗಿತ್ತು. ಫೋನು ಮಾಡಿ, "ಈ ವರ್ಷದ ಚೆಕಪ್ಪು ದೊಡ್ಡದಂತೆ ಅತ್ತೆ. ಮೂರು ವಾರ ಇಲ್ಲೇ ಇರ್ಬೇಕಂತೆ" ಎಂದೆ.

"ಚೆಕಪ್ಪಿಗೆ ಮೂರು ವಾರವಾ?"

"ಹೊಸ ಮಿಷನ್ ಬಂದಿದೆ ಅಂತೆ."

"ನಮ್ಮ ಎಡಗಡೆಯವಳು ಹೇಗಿದಾಳೆ?"

"ಚೆನ್ನಾಗಿದಾಳೆ ಅತ್ತೆ."

"ಆಯ್ತು ಮಾರಾಯ್ತಿ. ನೀ ಅಲ್ಲಿ ಸರಿಯಾಗಿ ಊಟ ಮಾಡು, ಒಂದೇ ಒಲೆ ಅಂತ ಎರಡು ಹೊತ್ತು ಗಂಜಿ ಕುಡೀಬೇಡ" ಎಂದರು. ನಾನು ಬಚಾವಾದೆ ಎಂದುಕೊಂಡೆ.

ಮೊದಲ ಐದು ಸಲ ಎಲ್ಲ ಚೆನ್ನಾಗಿ ನಡೆಯಿತು. ಮೂರನೆಯ ಸಲದ ನಂತರ ನೊರೆ ಕಡಿಮೆಯಾಯಿತು. ಐದನೆಯದು ಮುಗಿದ ಸೋಮವಾರ ಡಾಕ್ಟ್ರಮ್ಮ ಮೂತ್ರದ ವರದಿ ಹಿಡಿದು ಬಂದವರು ಮೊದಲ ಬಾರಿಗೆ ನಕ್ಕರು. "ಅರ್ಧಕ್ಕಿಂತ ಕೆಳಗೆ ಬಂತು. ಒಳ್ಳೇ ಸೂಚನೆ. ಹೀಗೇ ಬಿಡದೆ ಹೋಗ್ಬೇಕು" ಎಂದರು. ಆವತ್ತು ಸಂಜೆ ಮಳೆ ಬಿಟ್ಟು ಬಿಸಿಲು ಬಿತ್ತು. ಇವರು ಮೆಟ್ಟಿಲ ಮೇಲೆ ಕೂತು ಕಾಲು ಚಾಚಿ ತೋರಿಸಿದರು, ಕಣಕಾಲಿನ ಗಂಟು ಮತ್ತೆ ಕಾಣುತ್ತಿತ್ತು. ಎರಡು ಗಂಟು, ಎರಡು ಕಾಲಿನಲ್ಲಿ. ದೀಪ ಹಚ್ಚುವಾಗ ಮೊದಲು ಅವನ್ನೇ ಎಣಿಸಿದೆ.

ಆ ವಾರವೇ ಬುಧವಾರ, ಆಷಾಢ ಬಹುಳ ಷಷ್ಠಿ, ಮಾವನವರ ಶ್ರಾದ್ಧ ಬಂತು. ಇವರು ಒಬ್ಬನೇ ಮಗ. ಮಾವ ಹೋದ ಮೇಲೆ ಹದಿನಾಲ್ಕು ವರ್ಷ ಒಮ್ಮೆಯೂ ತಪ್ಪಿರಲಿಲ್ಲ. ಬುಧವಾರವೇ ಆರನೆಯ ಸಲದ ಮಿಷನ್ ಕೂಡ.

"ಈ ಸಲ ಬಿಟ್ಟುಬಿಡಣ. ಅಮ್ಮನಿಗೆ ಹೇಳಿ ಇಲ್ಲೇ ಇರಣ" ಎಂದರು ಇವರು ಇನ್ನೊಮ್ಮೆ.

ನಾನು ಒಪ್ಪಲಿಲ್ಲ. ಮಗ ಶ್ರಾದ್ಧಕ್ಕೆ ಬರಲಿಲ್ಲವೆಂದರೆ ಅತ್ತೆಗೆ ಕೂಡಲೇ ಎಲ್ಲ ತಿಳಿಯುತ್ತದೆ, ಅದು ಒಂದು. ಇನ್ನೊಂದು, ನಿಜವಾದದ್ದು: ನನಗೆ ಹೆದರಿಕೆ. ಎಲ್ಲ ಸರಿಹೋಗುತ್ತಿರುವ ಹೊತ್ತಿನಲ್ಲಿ ಪಿತೃಗಳನ್ನು ಹಸಿದು ಕೂರಿಸಿದರೆ ಕೊಟ್ಟದ್ದನ್ನು ದೇವರು ವಾಪಸ್ ತೆಗೆದುಕೊಂಡರೆ? "ಒಂದೇ ದಿನ. ಹೋಗಿ ಬರಣ. ನಿಮ್ಮಪ್ಪ ನಿಮ್ಮನ್ನ ಕಾಯ್ತಾರೆ" ಎಂದೆ. ಇವರು ಹೊರಡಲು ಒಪ್ಪಿದರು. ಅಪ್ಪನ ಹೆಸರು ಎತ್ತಿದ ಮೇಲೆ ಅವರು ವಾದ ಮಾಡುವವರಲ್ಲ. ಅದು ಗೊತ್ತಿದ್ದೇ ಎತ್ತಿದ್ದೆ.

ಡಾಕ್ಟ್ರಮ್ಮನ ಹತ್ತಿರ ನಾನೇ ಹೋದೆ. "ಬುಧವಾರದ್ದನ್ನು ಗುರುವಾರ ಮಾಡಬಹುದಾ? ಮನೆಗೆ ಹೋಗಿ ಬರೋದಿತ್ತು."

"ಒಂದು ದಿನ ಆಚೀಚೆ ಆದರೆ ತೊಂದರೆ ಇಲ್ಲ. ಏನಾದ್ರೂ ಕಾರ್ಯಕ್ರಮ ಉಂಟಾ? ಜನ ಸೇರುವ ಕಡೆ ಬೇಡ. ನಳಿಕೆಗೆ ನೀರು ತಾಗುವ ಹಾಗಿಲ್ಲ."

"ಕಾರ್ಯಕ್ರಮ ಎಲ್ಲ ಇಲ್ಲ. ಸುಮ್ನೆ ಅಮ್ಮನ್ನ ನೋಡಿ ಬರ್ತೀವಿ" ಎಂದೆ. ಶ್ರಾದ್ಧ ಎಂದಿದ್ದರೆ ಅವರು ತಲೆಸ್ನಾನ ಎಂದು ಕೂಡಲೇ ಕೇಳುತ್ತಿದ್ದರು. ಅವರ ಮನೆಯಲ್ಲೂ ಶ್ರಾದ್ಧ ನಡೆಯುತ್ತದಲ್ಲವೇ.

ಮಂಗಳವಾರ ಮಿನಿ ಬಸ್ಸಿನಲ್ಲಿ ಆಗುಂಬೆ ಘಟ್ಟ ಹತ್ತಿದೆವು. ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇವರು ಕಿಟಕಿಯ ಕಡೆ ಕೂತು ಶರ್ಟಿನ ಮೇಲಿನಿಂದ ನಳಿಕೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದರು.

ಬುಧವಾರ ಬೆಳಿಗ್ಗೆ ನಾನು ಬುದ್ಧಿವಂತಿಕೆ ಮಾಡಿದೆ. ಬ್ರೆಡ್ಡಿನ ಪ್ಲಾಸ್ಟಿಕ್ ಕವರು ಕತ್ತರಿಸಿ, ತೊಳೆದು ಒರೆಸಿ, ನಳಿಕೆಯ ಪಟ್ಟಿಯ ಮೇಲೆ ಇಟ್ಟು, ಸುತ್ತಲೂ ಔಷಧಿ ಅಂಗಡಿಯ ಅಗಲದ ಪ್ಲಾಸ್ಟರ್ ಅಂಟಿಸಿದೆ. "ನೋಡಿ, ಕೊಡೆ ಹಿಡಿದ ಹಾಗಿದೆ" ಎಂದೆ. ಇವರು ಕನ್ನಡಿಯಲ್ಲಿ ನೋಡಿಕೊಂಡು, "ಇಂಜಿನಿಯರ್ ಆಗ್ಬೇಕಿತ್ತು ನೀನು" ಎಂದರು. ಎಂಟು ಗಂಟೆಯ ಮಾತ್ರೆಯನ್ನು ಬಚ್ಚಲಿನಲ್ಲೇ ನಳ್ಳಿನೀರಿನಲ್ಲಿ ನುಂಗಿ, ನೆತ್ತಿಯ ಮೇಲೆ ನೀರು ಹೊಯ್ದುಕೊಂಡರು. ಮಡಿಪಂಚೆ, ಉತ್ತರೀಯ ಹಿಂದಿನ ದಿನ ಒಗೆದು ಹಾಕಿದ್ದು, ಮಳೆಗೆ ಒಣಗಿರಲಿಲ್ಲ. ಇಸ್ತ್ರಿ ಹಾಕಲು ಹೋದರೆ ಮಡಿ ಹೋಗುತ್ತದೆ. ಹಿಂಡಿ ಹಾಗೆಯೇ ಉಟ್ಟರು. ಮಳೆಗಾಲದಲ್ಲಿ ಇಲ್ಲಿಯ ಗಂಡಸರೆಲ್ಲ ಹಾಗೆಯೇ ಉಡುವುದು, ಮೈಯ ಶಾಖಕ್ಕೆ ಒಣಗುತ್ತದೆ ಎಂದು.

ಉತ್ತರೀಯವನ್ನು ಎದೆ ಮುಚ್ಚುವ ಹಾಗೆ ಸುತ್ತಿಕೊಂಡು ಕೂತರು. ಶ್ರಾದ್ಧದಲ್ಲಿ ಜನಿವಾರವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಷ್ಟು ಸಲ ಬದಲಿಸಬೇಕೋ, ಉತ್ತರೀಯವೂ ಜೊತೆಗೆ. ಒಂದು ಸಲ ಬದಲಿಸುವಾಗ ಅದು ಜಾರಿತು. ಭಟ್ಟರು ಮಂತ್ರ ನಿಲ್ಲಿಸಿ ಕೇಳಿದರು: "ಎಂಥದು ಶ್ರೀಪಾದ ಅದು?"

"ಸಣ್ಣ ಗಾಯ ಭಟ್ರೆ."

"ಬ್ರೆಡ್ಡಿನ ಹೆಸರು ಬರೆದಿದೆಯಲ್ಲ ಮಾರಾಯ" ಎಂದರು ಭಟ್ಟರು. ಇವರು ಉತ್ತರೀಯ ಎಳೆದುಕೊಂಡರು. ಭಟ್ಟರು ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿ ಮುಂದಿನ ಮಂತ್ರ ಶುರು ಮಾಡಿದರು. ನಾನು ಬಾಗಿಲಲ್ಲಿದ್ದೆ. ನನ್ನ ಹಿಂದೆ ಅತ್ತೆ ಒಲೆಯ ಮುಂದೆ ವಡೆ ತಟ್ಟುತ್ತಿದ್ದರು. ತಿರುಗಿ ನೋಡಿದೆ. ಅವರು ತಲೆ ಎತ್ತಿರಲಿಲ್ಲ.

ಬ್ರಾಹ್ಮಣರ ಊಟ ಮುಗಿದು, ಪಿಂಡ ಮುಗಿದು, ಇವರ ಊಟವಾಗುವಾಗ ಮೂರು ಗಂಟೆ. ಕೋಣೆಗೆ ಕರೆದು ಪ್ಲಾಸ್ಟರ್ ಬಿಚ್ಚಿದೆ. ಕವರಿನ ಒಳಗೆ ನೀರು ನಿಂತಿತ್ತು. ಹನಿಯಲ್ಲ, ಒಂದು ಚಮಚ ಇರಬಹುದು. ಬೆಳಿಗ್ಗೆ ನೆತ್ತಿಯಿಂದ ಇಳಿದದ್ದು ಒಂದು ಸಂದಿಯಲ್ಲಿ ಒಳಗೆ ಹೋಗಿ, ಹೊರಗೆ ಬರಲು ದಾರಿಯಿಲ್ಲದೆ, ಒದ್ದೆ ಬಟ್ಟೆಯ ಕೆಳಗೆ ಏಳು ಗಂಟೆ ಅಲ್ಲೇ ಬೆಚ್ಚಗೆ ಕೂತಿತ್ತು. ಬರೀ ಪಟ್ಟಿ ಇದ್ದಿದ್ದರೆ ನೀರು ಹರಿದಾದರೂ ಹೋಗುತ್ತಿತ್ತೋ ಏನೋ. ಹತ್ತಿಯಲ್ಲಿ ಒತ್ತಿ ಒರೆಸಿದೆ. ಆಸ್ಪತ್ರೆಯವರು ಕೊಟ್ಟಿದ್ದ ಹೊಸ ಪಟ್ಟಿ ಹಾಕಿದೆ.

"ಡಾಕ್ಟ್ರಿಗೆ ಹೇಳ್ಬೇಕು" ಎಂದರು ಇವರು.

"ಹೇಳಣ" ಎಂದೆ.

ಗುರುವಾರ ಬೆಳಿಗ್ಗೆ ಹೋದಾಗ ಹೇಳಲಿಲ್ಲ. ಪಟ್ಟಿ ಒಣಗಿತ್ತು, ಇವರಿಗೆ ಜ್ವರ ಇರಲಿಲ್ಲ, ಹೇಳಿದರೆ ಬೈಗುಳ ಎಂದು ನನ್ನ ಲೆಕ್ಕ. ಮಿಷನ್ ಹಚ್ಚಿ ಅರ್ಧ ಗಂಟೆಯೂ ಆಗಿರಲಿಲ್ಲ. ನಾನು ಹೊರಗಿನ ಬೆಂಚಿನಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದೆ. ಒಳಗೆ ಮಂಚ ಕಟಕಟ ಎನ್ನುವ ಸದ್ದು. ಹೋಗಿ ನೋಡಿದರೆ ಇವರ ಇಡೀ ಮೈ ನಡುಗುತ್ತಿತ್ತು, ಹಲ್ಲು ಹಲ್ಲಿಗೆ ಹೊಡೆಯುತ್ತಿತ್ತು. ಇಬ್ಬರು ನರ್ಸುಗಳು ಮೂರು ಕಂಬಳಿ ಹೊದಿಸಿ ಒತ್ತಿ ಹಿಡಿದಿದ್ದರು. ಮಿಷನ್ ನಿಲ್ಲಿಸಿದರು. ಡಾಕ್ಟ್ರಮ್ಮ ಓಡಿ ಬಂದು ಪಟ್ಟಿ ತೆಗೆದು ನೋಡಿ, ನನ್ನ ಕಡೆ ತಿರುಗಿದರು.

"ನೀರು ತಾಗಿತ್ತಾ?"

ಆಗ ಹೇಳಿದೆ. ಶ್ರಾದ್ಧ, ತಲೆಸ್ನಾನ, ಬ್ರೆಡ್ಡಿನ ಕವರು, ಎಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. "ನಳಿಕೆಯಿಂದ ಸೋಂಕು ರಕ್ತಕ್ಕೆ ಹೋಗಿದೆ. ನಳಿಕೆ ತೆಗೀಬೇಕು. ಮೊದಲು ಜೀವ ನೋಡುವ" ಎಂದರು.

ಜೀವ ಉಳಿಯಿತು. ಅದನ್ನು ನಾನು ಎಲ್ಲಕ್ಕಿಂತ ಮೊದಲು ಎಣಿಸುತ್ತೇನೆ. ಆದರೆ ರಕ್ತದಲ್ಲಿ ಸೋಂಕಿರುವಾಗ ಹೊಸ ನಳಿಕೆ ಹಾಕುವಂತಿಲ್ಲ, ಇಂಜೆಕ್ಷನ್ ಕೊಡುವಂತಿಲ್ಲ, ಸೋಂಕು ಹೆಚ್ಚಾಗುತ್ತದೆಂದು ಕಸಿಯ ಮಾತ್ರೆಯಲ್ಲೂ ಒಂದನ್ನು ನಿಲ್ಲಿಸಿದರು. ಹದಿನೆಂಟು ದಿನ. ಆ ಹದಿನೆಂಟು ದಿನ ಕಾಯಿಲೆಗೆ ಎದುರು ನಿಲ್ಲುವವರು ಯಾರೂ ಇರಲಿಲ್ಲ. ಎಂಟನೆಯ ದಿನ ಕಣಕಾಲಿನ ಗಂಟುಗಳು ಮತ್ತೆ ಮುಚ್ಚಿಹೋದವು.

ಸೋಂಕಿನ ಐದನೆಯ ದಿನ ವಾರ್ಡಿನ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒದ್ದೆ ಕೊಡೆ, ಹೆಗಲಲ್ಲಿ ಬಟ್ಟೆಚೀಲ. ಮನೆಗೆ ಬೀಗ ಹಾಕಿ, ಬೀಗದಕೈ ಪಕ್ಕದ ಮನೆಯ ರೇವತಿಗೆ ಕೊಟ್ಟು, ಒಬ್ಬರೇ ಬಸ್ಸಿನಲ್ಲಿ ಘಟ್ಟ ಇಳಿದು ಬಂದಿದ್ದರು. ಮಗ ಮಲಗಿದ್ದನ್ನು ದೂರದಿಂದ ನೋಡಿ, ನನ್ನನ್ನು ಹೊರಗೆ ಕರೆದರು.

"ನಳಿಕೆ ತೆಗೆದ್ರಾ?"

"ನಿಮಗೆ ಹೇಗೆ..."

"ವಡೆ ತಟ್ಟುವವಳಿಗೆ ಕಣ್ಣಿಲ್ವನೇ? ಉತ್ತರೀಯ ಜಾರಿದ್ದು ನಾನೂ ನೋಡಿದೆ. ಕಿಡ್ನಿ ಹೋದವರ ಎದೆ ಮೇಲೆ ಎಂಥ ಹಾಕ್ತಾರೆ ಅಂತ ಗೊತ್ತಿಲ್ದೆ ಇರೋಕ್ಕೆ ನಾನೇನು ಈ ಆಸ್ಪತ್ರೆ ನೋಡದವಳಾ?"

"ನಿಮಗೆ ಸಂಕಟ ಆಗ್ಬಾರ್ದು ಅಂತ ಅತ್ತೆ. ನಿಮ್ಮ ಕಿಡ್ನಿಗೇ ಹಿಡೀತು ಅಂತ ಹೇಗೆ ಹೇಳ್ಲಿ..."

"ಹಿಡೀಬಹುದು ಅಂತ ಕೊಡೋಕ್ಕೆ ಮುಂಚೆನೇ ಹೇಳಿದಾರೆ. ನಿಮ್ಮನ್ನೆಲ್ಲ ಹೊರಗೆ ಕಳ್ಸಿ, ನನ್ನೊಬ್ಬಳನ್ನೇ ಕೂರಿಸ್ಕೊಂಡು ಇದೇ ಡಾಕ್ಟ್ರು ಹೇಳಿದ್ರು. ಅಮ್ಮ, ಕಾಯಿಲೆ ವಾಪಸ್ ಬರ್ಬಹುದು, ನೀವು ಕೊಟ್ಟದ್ದು ವ್ಯರ್ಥ ಆಗ್ಬಹುದು, ಯೋಚ್ನೆ ಮಾಡಿ ಅಂತ. ಬರ್ಬಹುದು ಅಂದ್ರು, ಬರುತ್ತೆ ಅನ್ಲಿಲ್ಲ. ಕೊಟ್ಟೆ."

ಅದು ನನಗೆ ಗೊತ್ತಿರಲಿಲ್ಲ. ನಾನು ಯಾರಿಂದ ಮುಚ್ಚಿಡುತ್ತಿದ್ದೆನೋ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

ಅವರು ಬೆಂಚಿನಲ್ಲಿ ಕೂತು ಸೀರೆಯ ಅಂಚನ್ನು ಹಿಂಡಿದರು. "ಬುಧವಾರ ಆಸ್ಪತ್ರೆಗೆ ಹೋಗೋದಿತ್ತು ಅಂತ ಒಂದು ಮಾತು ಹೇಳಿದ್ರೆ ಅಮಾವಾಸ್ಯೆಗೆ ಮಾಡಣ ಅಂತಿದ್ದೆ ಸುಮಿತ್ರಾ. ತಿಥಿ ದಿನ ಆಗ್ಲಿಲ್ಲ ಅಂದ್ರೆ ಅಮಾವಾಸ್ಯೆಗೆ ಮಾಡ್ಬಹುದು. ನಿನ್ನ ಮಾವನೇ ಅವರಪ್ಪಂದು ಒಂದ್ವರ್ಷ ಹಾಗೆ ಮಾಡಿದಾರೆ. ತುಂಗೆ ಏರಿ ಭಟ್ರಿಗೆ ಈಚೆ ದಡಕ್ಕೆ ಬರೋಕ್ಕಾಗ್ಲಿಲ್ಲ. ಮಾಡಿದ ವಡೆ ನಾವೇ ತಿಂದ್ವಿ, ಒಂಬತ್ತು ದಿನ ಕಳೆದು ಮತ್ತೆ ಮಾಡಿದ್ವಿ. ಯಾವ ಪಿತೃಗಳೂ ಬೇಜಾರು ಮಾಡ್ಕೊಂಡಿಲ್ಲ."

ಒಂಬತ್ತು ದಿನ. ನಾನು ಬೆರಳು ಮಡಚಿ ಎಣಿಸಿದೆ. ಅಮಾವಾಸ್ಯೆಯ ಹೊತ್ತಿಗೆ ಹತ್ತೂ ಸಲ ಮುಗಿಯುತ್ತಿತ್ತು.

"ನಂದೂ ತಪ್ಪಿದೆ" ಎಂದರು ಅತ್ತೆ. "ಆವತ್ತೇ ಎದ್ದು ಬಂದು ಕೇಳ್ಬೇಕಿತ್ತು. ಕರ್ಮದ ಮಧ್ಯೆ ಮಾತಾಡ್ಬಾರ್ದು ಅಂತ ಸುಮ್ನಾದೆ. ಊಟ ಆದ್ಮೇಲೆ ನೀನೇ ಹೇಳ್ತೀಯ ಅಂತ ಕಾದೆ. ಹೇಳ್ಲಿಲ್ಲ. ಬೆಳಿಗ್ಗೆ ಹೊರಡುವಾಗಾದ್ರೂ ಹೇಳ್ತೀಯ ಅಂತ ಬಸ್‌ಸ್ಟ್ಯಾಂಡಿನವರೆಗೆ ಬಂದೆ."

ನಿಜ, ಬಂದಿದ್ದರು. ನಾನು ಕಿಟಕಿಯಿಂದ ಕೈ ಬೀಸಿದ್ದೆ.

ಡಾಕ್ಟ್ರಮ್ಮನನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಆವತ್ತು ಶ್ರಾದ್ಧಕ್ಕೆ ಹೋಗದೇ ಇದ್ದಿದ್ದರೆ ಕಿಡ್ನಿ ಉಳಿಯುತ್ತಿತ್ತಾ? ಅವರು ಒಂದೇ ಉತ್ತರ ಕೊಡುವುದು: "ಹಾಗೆ ಹೇಳ್ಲಿಕ್ಕೆ ಆಗುದಿಲ್ಲ ಅಮ್ಮ. ಎಲ್ಲ ಸರಿ ಮಾಡಿದವರದ್ದೂ ಹೋದದ್ದುಂಟು. ನಿಮ್ಮವರಿಗೆ ಮೊದಲ ಐದರಲ್ಲಿ ಒಳ್ಳೆ ಫಲ ಬಂದಿತ್ತು, ಅಷ್ಟು ಹೇಳಬಹುದು." ಅವರು ಸುಳ್ಳು ಹೇಳುವವರಲ್ಲ. ಆ ಕೊನೆಯ ವಾಕ್ಯವನ್ನು ನುಂಗಿಬಿಡಬಹುದಿತ್ತು, ನುಂಗಲಿಲ್ಲ. ನಾನಾಗಿದ್ದರೆ ನುಂಗುತ್ತಿದ್ದೆ. ಅದನ್ನೇ ಕರುಣೆ ಎಂದುಕೊಂಡು ಇಷ್ಟು ವರ್ಷ ಬದುಕಿದವಳು ನಾನು.

ಹದಿನೆಂಟು ದಿನದ ಮೇಲೆ ಮತ್ತೆ ನಳಿಕೆ, ಮತ್ತೆ ಮಿಷನ್, ಈ ಸಲ ಹದಿನಾಲ್ಕು ಸಲ. ಇಂಜೆಕ್ಷನ್ನೂ ಆಯಿತು. ನೊರೆ ಕಡಿಮೆಯಾಯಿತು, ನಿಲ್ಲಲಿಲ್ಲ. ಆ ಕೋಣೆಯಲ್ಲಿ ಆಮೇಲೆ ನಾವು ಮೂವರಿದ್ದೆವು. ಅತ್ತೆ ನರ್ಸುಗಳ ಹತ್ತಿರ ಎಲ್ಲ ಕೇಳಿ ತಿಳಿದುಕೊಂಡರು. ನಳಿಕೆಯ ಪಟ್ಟಿಯನ್ನು ನನಗಿಂತ ಚೆನ್ನಾಗಿ ನೋಡುತ್ತಿದ್ದವರು ಅವರು. ಮಗನಿಗೆ ತಲೆ ಒರೆಸುವಾಗ, "ತಿಂಗಳ ಮೇಲಾಯ್ತು ತಲೆಗೆ ನೀರು ಬೀಳ್ದೆ. ನಿನ್ನ ಸ್ಕೂಲಿನ ಮಕ್ಕಳು ಮೂಗು ಮುಚ್ಚಿಕೊಂಡು ಲೆಕ್ಕ ಕಲೀಬೇಕು" ಎನ್ನುವರು. ಇವರು ಹೊಟ್ಟೆ ಹಿಡಿದುಕೊಂಡು ನಗುವರು. ನನ್ನ ಮನಸ್ಸಿಗೆ ಆಗೆಲ್ಲ ಒಂದೇ. ಈ ನಗು ಮೊದಲ ವಾರದಿಂದಲೇ ಈ ಕೋಣೆಯಲ್ಲಿ ಇರಬಹುದಿತ್ತು. ಬಾಗಿಲು ಹಾಕಿದ್ದು ನಾನು.

ಭಾದ್ರಪದದಲ್ಲಿ ಊರಿಗೆ ಬಂದೆವು. ಇವರು ಮತ್ತೆ ಸ್ಕೂಲಿಗೆ ಹೋದರು. ಕಿಡ್ನಿ ಒಂದು ವರ್ಷ ನಾಲ್ಕು ತಿಂಗಳು ನಡೆಯಿತು, ಪ್ರತಿ ತಿಂಗಳ ವರದಿಯಲ್ಲಿ ಸ್ವಲ್ಪ ಸ್ವಲ್ಪವೇ ಸೋಲುತ್ತ. ಆ ದಿನಗಳಿಗೂ ನಾನು ಕೃತಜ್ಞಳು. ಮಗಳ ಪರೀಕ್ಷೆಗೆ ಇವರೇ ಕೂತು ಲೆಕ್ಕ ಹೇಳಿಕೊಟ್ಟರು. ಅತ್ತೆಯ ಉಳಿದ ಒಂದು ಕಿಡ್ನಿಗೆ ಏನೂ ತೊಂದರೆಯಿಲ್ಲ. ದೇವರು ಕೈಬಿಟ್ಟ ಎಂದು ನಾನು ಯಾವತ್ತೂ ಹೇಳಿಲ್ಲ. ಅವನು ಶ್ರಾದ್ಧಕ್ಕೆ ಬಾ ಎಂದು ಕರೆದವನೇ ಅಲ್ಲ. ಹೆದರಿಕೆ ನನ್ನದು, ಅದಕ್ಕೆ ಅವನ ಹೆಸರಿಟ್ಟವಳೂ ನಾನೇ. ಪೂಜೆಗೆ ಕೂ‌ತಾಗ ಬೇಡಿಕೊಳ್ಳುವುದಕ್ಕಿಂತ ಅದನ್ನೇ ಒಪ್ಪಿಕೊಳ್ಳುವುದು ಈಗ ಹೆಚ್ಚು.

ಮಾಘದಲ್ಲಿ ಒಂದು ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಡಾಕ್ಟ್ರಮ್ಮನೇ ಫೋನು ಮಾಡಿದರು. ಇವರು ಪಾಠದಲ್ಲಿರುವಾಗ ಫೋನು ತೆಗೆಯುವುದಿಲ್ಲ, ಹಾಗಾಗಿ ನನಗೆ ಬಂತು. ಹಿಂದಿನ ದಿನ ಕೊಟ್ಟ ರಕ್ತದ ವರದಿ ಬಂದಿದೆ, ಇನ್ನು ಕಾಯುವ ಹಾಗಿಲ್ಲ, ಡಯಾಲಿಸಿಸ್ ಶುರು ಮಾಡಬೇಕು, ನಿಮ್ಮ ಊರಿನಲ್ಲೇ ವ್ಯವಸ್ಥೆ ಉಂಟು, ನಾನು ಮಾತಾಡಿದ್ದೇನೆ ಎಂದರು. ಆಯಿತು ಎಂದು ಫೋನಿಟ್ಟೆ.

ಅತ್ತೆ ಹಿಂದಿನ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನ ಬಾಯಿಗೆ ಮೊದಲು ಬಂದದ್ದು ರೇವತಿಯ ಮನೆಗೆ ಹೋಗಿ ಬರುತ್ತೇನೆ ಎಂಬ ಮಾತು. ಅದನ್ನು ಹೇಳಲಿಲ್ಲ. ಅವರ ಎದುರಿಗೆ ನೆಲದ ಮೇಲೆ ಕೂತೆ.

"ಅತ್ತೆ, ಕಿಡ್ನಿ ನಿಂತಿದೆ. ಡಯಾಲಿಸಿಸ್ ಶುರು ಮಾಡ್ಬೇಕಂತೆ."

ಅವರ ಕೈ ನಿಂತಿತು. ಎಡಗಡೆ ಸೊಂಟಕ್ಕೆ ಒಮ್ಮೆ ಹೋಯಿತು, ಅಲ್ಲಿ ಹೊಲಿಗೆಯ ಗುರುತಿದೆ. ಮತ್ತೆ ಹುಣಸೆಹಣ್ಣಿಗೆ ಬಂತು.

"ಶ್ರೀಪಾದಂಗೆ ಗೊತ್ತಾ?"

"ಇಲ್ಲ. ಈಗ ಫೋನು ಬಂತು. ಮೊದ್ಲು ನಿಮಗೇ ಹೇಳ್ತಿರೋದು."

ಅವರು ನನ್ನನ್ನು ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು, ಕೆಳಗೆ ಬೀಳಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಎದ್ದರು. "ಸಂಜೆವರೆಗೆ ಇಟ್ಕೊಂಡು ಕೂರೋದು ಬೇಡ. ಬಾ, ಇಬ್ರೂ ಹೋಗಿ ಹೇಳಣ."

ಸ್ಕೂಲು ನಮ್ಮ ಮನೆಯಿಂದ ಹತ್ತು ನಿಮಿಷ. ಅತ್ತೆ ನನ್ನ ತೋಳು ಹಿಡಿದು ನಡೆದರು. ಗೇಟಿನ ಹತ್ತಿರ ಬಂದಾಗ ಒಳಗಿನಿಂದ ಇವರ ದನಿ ಕೇಳುತ್ತಿತ್ತು, ಯಾರಿಗೋ ಹಲಗೆಯ ಹತ್ತಿರ ಬಂದು ಲೆಕ್ಕ ಬಿಡಿಸು ಎನ್ನುತ್ತಿದ್ದರು. ನಾನು ಒಳಗೆ ಹೋಗಲು ಹೊರಟೆ.

"ಪಾಠ ಮುಗೀಲಿ" ಎಂದರು ಅತ್ತೆ. "ಇನ್ನು ಎಷ್ಟು ದಿನ ಪೂರ್ತಿ ಪಾಠ ಮಾಡ್ತಾನೋ."

ಬಿಸಿಲಿನಲ್ಲಿ ಇಬ್ಬರೂ ನಿಂತೆವು. ಗಂಟೆ ಹೊಡೆಯಿತು. ಮಕ್ಕಳು ಮೊದಲು ಬಂದರು, ಆಮೇಲೆ ಇವರು, ಕೈತುಂಬ ಸೀಮೆಸುಣ್ಣದ ಪುಡಿ. ನಮ್ಮಿಬ್ಬರನ್ನೂ ಗೇಟಿನಲ್ಲಿ ನೋಡಿ ನಿಂತರು. ಅಷ್ಟು ದೂರದಿಂದಲೇ ಅವರಿಗೆ ಗೊತ್ತಾಯಿತು ಎಂದು ಕಾಣುತ್ತದೆ. ಕೈಯ ಪುಡಿಯನ್ನು ಎರಡು ಸಲ ಕೊಡವಿ, ಹತ್ತಿರ ಬಂದು, ನನ್ನನ್ನು ಕೇಳಲಿಲ್ಲ, ಅಮ್ಮನನ್ನು ಕೇಳಿದರು.

"ಯಾವತ್ತಿಂದ ಅಮ್ಮ?"

"ಸೋಮವಾರ, ಮಗಾ" ಎಂದರು ಅತ್ತೆ. ದಿನ ನನಗೂ ಗೊತ್ತಿರಲಿಲ್ಲ, ಡಾಕ್ಟ್ರಮ್ಮ ಹೇಳಿರಲೂ ಇಲ್ಲ. ಮಗನಿಗೆ ನಾಲ್ಕು ದಿನ ನೆಮ್ಮದಿ ಸಿಗಲಿ ಎಂದು ಅವರೇ ಹುಟ್ಟಿಸಿ ಹೇಳಿದ್ದು. ನಾನು ಬಾಯಿ ತೆರೆದು ಸರಿಪಡಿಸಿದೆ. "ದಿನ ಇನ್ನೂ ಹೇಳಿಲ್ಲ" ಎಂದೆ. "ನಾಳೆಯೇ ಇರಬಹುದು."